ಕೊನೆಯ ಮಾತು ಯಾರದು?

(ಬೆಂಗಳೂರಿನ ಓದುಗರ ಬಳಗವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಗೆ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಚರ್ಚಿನಲ್ಲಿ, ಮನೆಯಲ್ಲಿ ಹೆಂಗಸಿನ ಸ್ಥಾನ ಏನು ಅಂತ ಇವ್ಯಾಂಜೆಲಿಕಲ್ ಅನ್ನೋ ಕ್ರೈಸ್ತರ ನಡುವೆ ನಡೆಯುತ್ತಿರುವ ಜಗಳದ ಬಗ್ಗೆ ಇವತ್ತು ಮಾತಾಡುತ್ತೇನೆ.

2023ರ ಜೂನ್‌ನಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್‌ನ ವಾರ್ಷಿಕ ಅಧಿವೇಶನ ನಡೆಯಿತು. ಅಮೆರಿಕದ ಪ್ರಾಟೆಸ್ಟೆಂಟ್ ಒಕ್ಕೂಟಗಳಲ್ಲೇ ಇದು ದೊಡ್ಡದು, ಸುಮಾರು 47,000 ಸಭೆಗಳು ಇದರಲ್ಲಿವೆ. ಸಭೆ ಅಂದಾಗ ಮೀಟಿಂಗ್ ಅಂದುಕೊಳ್ಳಬೇಡಿ. ನಮ್ಮ ಕನ್ನಡ ಕ್ರೈಸ್ತರು ಚರ್ಚಿಗೆ ಹೇಳೋ ಮಾತನ್ನೇ ಬಳಸುತ್ತಿದ್ದೇನೆ. ಆ ಅಧಿವೇಶನದಲ್ಲಿ ಮೈಕಿನ ಮುಂದೆ ನಿಂತವರಲ್ಲಿ ಒಬ್ಬರು ರಿಕ್ ವಾರೆನ್. ಕ್ಯಾಲಿಫೋರ್ನಿಯಾದಲ್ಲಿ 1980ರಲ್ಲಿ ಸ್ಯಾಡಲ್‌ಬ್ಯಾಕ್ ಅನ್ನೋ ಸಭೆ ಶುರುಮಾಡಿ ಅದನ್ನು ದೇಶದ ದೊಡ್ಡ ಸಭೆಗಳಲ್ಲಿ ಒಂದಾಗಿ ಬೆಳೆಸಿದವರು. 2021ರಲ್ಲಿ ಅವರ ಸಭೆ ಮೂವರು ಹೆಂಗಸರಿಗೆ ಪಾಸ್ಟರ್ ದೀಕ್ಷೆ ಕೊಟ್ಟಿತು. ವಾರೆನ್ ನಿವೃತ್ತರಾದ ಮೇಲೆ ಬಂದ ಪಾಸ್ಟರ್ ಹೆಂಡತಿಯೂ ಅಲ್ಲಿ ಬೋಧಿಸುವ ಪಾಸ್ಟರ್ ಆದರು. ಇದೇ ಕಾರಣಕ್ಕೆ 2023ರ ಫೆಬ್ರವರಿಯಲ್ಲಿ ಒಕ್ಕೂಟ ಸ್ಯಾಡಲ್‌ಬ್ಯಾಕನ್ನು ಹೊರಗೆ ಹಾಕಿತು. ಜೂನ್‌ನಲ್ಲಿ ಮೇಲ್ಮನವಿ. ಮಾತಾಡಲು ಸಿಕ್ಕಿದ್ದು ಮೂರು ನಿಮಿಷ.

ಅದೇ ಮೂರು ನಿಮಿಷ ಇನ್ನೊಬ್ಬರಿಗೂ ಸಿಕ್ಕಿತು. ಅವರ ಹೆಸರು ನಿಮ್ಮಲ್ಲಿ ಜಾಸ್ತಿ ಜನ ಕೇಳಿರಲಿಕ್ಕಿಲ್ಲ. ಲಿಂಡಾ ಬಾರ್ನ್ಸ್ ಪಾಪಮ್. ಕೆಂಟಕಿಯ ಲೂಯಿವಿಲ್‌ನಲ್ಲಿರುವ ಫರ್ನ್ ಕ್ರೀಕ್ ಅನ್ನೋ ಸಭೆಗೆ 1993ರಿಂದ ಅವರೇ ಪಾಸ್ಟರ್. ಆ ಮೂವತ್ತು ವರ್ಷವೂ ಸಭೆ ಒಕ್ಕೂಟದ ಒಳಗೇ ಇತ್ತು. ಮತ ಎಣಿಸಿದಾಗ ಸ್ಯಾಡಲ್‌ಬ್ಯಾಕನ್ನು ಹೊರಗಿಡಬೇಕು ಅಂದವರು 9,437, ಬೇಡ ಅಂದವರು 1,212. ಫರ್ನ್ ಕ್ರೀಕ್ ವಿಷಯದಲ್ಲಿ 9,700 ಮತ್ತು 806. ಹೆಸರು ಮಾಡಿದ ಗಂಡಸಿನ ಸಭೆಗಿಂತ, ಮೂವತ್ತು ವರ್ಷ ಒಂದೇ ಊರಲ್ಲಿ ಸೇವೆ ಮಾಡಿದ ಹೆಂಗಸಿನ ಸಭೆಗೆ ಸ್ವಲ್ಪ ಕಡಿಮೆಯೇ ದಯೆ ಸಿಕ್ಕಿತು ಅನ್ನಿ.

ವಾರೆನ್‌ಗೆ ಎದುರುತ್ತರ ಕೊಟ್ಟವರು ಆಲ್ಬರ್ಟ್ ಮೋಲರ್. ಅವರೂ ಲೂಯಿವಿಲ್‌ನವರೇ, ಅಲ್ಲಿನ ಸದರ್ನ್ ಬ್ಯಾಪ್ಟಿಸ್ಟ್ ಸೆಮಿನರಿಯ, ಅಂದರೆ ಪಾಸ್ಟರುಗಳನ್ನು ತಯಾರು ಮಾಡುವ ಶಾಲೆಯ, ಅಧ್ಯಕ್ಷರು. ಇವರ ಕತೆ ಕೇಳಿ. 1984ರಲ್ಲಿ ಈ ಒಕ್ಕೂಟ ಹೆಂಗಸರ ದೀಕ್ಷೆಯ ವಿರುದ್ಧ ಒಂದು ನಿರ್ಣಯ ಮಾಡಿತು. ಏದೆನ್ ತೋಟದಲ್ಲಿ ಮೊದಲು ತಪ್ಪಿದವಳು ಹೆಣ್ಣು ಅನ್ನೋ ಕಾರಣವನ್ನೂ ಅದರಲ್ಲಿ ಸೇರಿಸಿತ್ತು. ಆಗ ಅದೇ ಸೆಮಿನರಿಯ ಕೆಲವು ವಿದ್ಯಾರ್ಥಿಗಳು ಸೇರಿ ಪತ್ರಿಕೆಯಲ್ಲಿ ಪ್ರತಿಭಟನೆಯ ಜಾಹೀರಾತು ಹಾಕಿಸಿದರು. ಆ ವಿದ್ಯಾರ್ಥಿಗಳಲ್ಲಿ ಮೋಲರ್ ಕೂಡ ಇದ್ದರು! ಆಮೇಲೆ ಹಿರಿಯ ಪಂಡಿತ ಕಾರ್ಲ್ ಹೆನ್ರಿ ಕೇಳಿದ ಒಂದು ಪ್ರಶ್ನೆಯಿಂದ ಕೂತು ಓದಿ ಮನಸ್ಸು ಬದಲಾಯಿಸಿದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಒಬ್ಬ ಮನುಷ್ಯನ ಒಂದು ಜೀವಮಾನದಲ್ಲಿ ಎರಡೂ ಕಡೆ ನಿಲ್ಲೋಕೆ ಆಗಿದೆ ಅಂದರೆ, ಇದು ಎರಡು ಬೇರೆ ಧರ್ಮದವರ ಜಗಳ ಅಲ್ಲ ಅನ್ನೋದು ಗೊತ್ತಾಗುತ್ತದೆ. ಒಂದೇ ಪುಸ್ತಕ ಹಿಡಿದ, ಒಂದೇ ಬೆಂಚಿನ ಮೇಲೆ ಕೂತು ಓದಿದ ಜನರ ಜಗಳ ಇದು.

ಇವ್ಯಾಂಜೆಲಿಕಲ್ ಅಂದರೆ ಯಾರು ಅಂತ ಒಂದು ಮಾತು ಹೇಳಿಬಿಡುತ್ತೇನೆ. ಅದು ಒಂದು ಪಂಗಡದ ಹೆಸರಲ್ಲ. ಬ್ಯಾಪ್ಟಿಸ್ಟ್, ಪ್ರೆಸ್ಬಿಟೇರಿಯನ್, ಪೆಂಟೆಕೋಸ್ಟಲ್ ಎಲ್ಲದರಲ್ಲೂ ಇರುತ್ತಾರೆ. ಬೈಬಲಿನ ಮಾತೇ ಕೊನೆ, ಒಬ್ಬೊಬ್ಬರೂ ತಾವಾಗಿ ಯೇಸುವಿನ ಕಡೆ ತಿರುಗಬೇಕು, ಸುವಾರ್ತೆ, ಅಂದರೆ ಯೇಸುವಿನ ಸಂದೇಶ, ಸಾರಬೇಕು ಅನ್ನುವವರು. ಇವರಿಗೆ 'ಕಾಲ ಬದಲಾಯಿತು, ಸಂವಿಧಾನ ಹೀಗೆ ಹೇಳುತ್ತೆ' ಅಂದರೆ ಸಾಲದು. ಬೈಬಲಿನಲ್ಲೇ ತೋರಿಸಬೇಕು. ಹೆಂಗಸಿನ ಪರ ವಾದಿಸುವವರೂ ವಚನ, ಅಂದರೆ ಬೈಬಲಿನ ಸಾಲು, ಹಿಡಿದುಕೊಂಡೇ ವಾದಿಸುತ್ತಾರೆ.

ಎರಡೂ ಪಾಳೆಯಕ್ಕೆ ಹೆಸರು, ಕಚೇರಿ, ಪ್ರಣಾಳಿಕೆ ಹುಟ್ಟಿದ್ದು ಎರಡೇ ವರ್ಷದ ಅಂತರದಲ್ಲಿ. 1987ರ ಡಿಸೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಡ್ಯಾನ್‌ವರ್ಸ್ ಅನ್ನೋ ಊರಲ್ಲಿ ವೇಯ್ನ್ ಗ್ರೂಡೆಮ್, ಜಾನ್ ಪೈಪರ್ ಮೊದಲಾದವರು ಸೇರಿ ಒಂದು ಹೇಳಿಕೆ ಸಿದ್ಧಮಾಡಿದರು. ಮರುವರ್ಷ ಅದು ಪ್ರಕಟವಾಯಿತು. ಗಂಡು ಹೆಣ್ಣು ದೇವರ ಮುಂದೆ ಸಮ, ಆದರೆ ಅವರ ಪಾತ್ರ ಬೇರೆ. ಮನೆಯಲ್ಲಿ ಗಂಡ ತಲೆ. ಸಭೆಯಲ್ಲಿ ಆಳುವ, ಬೋಧಿಸುವ ಕೆಲವು ಹೊಣೆಗಳು ಗಂಡಸರಿಗೆ ಮಾತ್ರ. ಇವರನ್ನು ಪೂರಕವಾದಿಗಳು ಅನ್ನೋಣ, ಒಬ್ಬರಿಗೊಬ್ಬರು ಪೂರಕ ಅನ್ನೋದು ಅವರದೇ ಮಾತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕ್ಯಾಥರೀನ್ ಕ್ಲಾರ್ಕ್ ಕ್ರೋಗರ್ ಅವರ ಮುಂದಾಳತ್ವದಲ್ಲಿ ಕ್ರಿಶ್ಚಿಯನ್ಸ್ ಫಾರ್ ಬಿಬ್ಲಿಕಲ್ ಈಕ್ವಾಲಿಟಿ ಅನ್ನೋ ಸಂಸ್ಥೆ ಹುಟ್ಟಿತು. ಅವರ ಹೇಳಿಕೆ ಬಂದದ್ದು 1989ರಲ್ಲಿ. ಬೋಧಿಸುವ, ಮುನ್ನಡೆಸುವ ವರ ಕೊಡುವುದು ದೇವರು, ಅವನು ಗಂಡು ಹೆಣ್ಣು ನೋಡಿ ಕೊಡುವುದಿಲ್ಲ. ಮದುವೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ತಗ್ಗಬೇಕು. ಇವರು ಸಮಾನತಾವಾದಿಗಳು.

ಇಲ್ಲಿ ಎರಡು ಸುಲಭದ ಕತೆಗಳು ಓಡಾಡುತ್ತಿವೆ, ಎರಡೂ ಅರ್ಧಂಬರ್ಧ. ಮೊದಲನೆಯದು: ಹಿಂದೆಲ್ಲ ಸರಿಯಾಗಿತ್ತು, 1960ರ ದಶಕದ ಸ್ತ್ರೀವಾದ ಬಂದು ಹೆಂಗಸರು ಪೀಠ ಹತ್ತಿದರು. ಆದರೆ ಆಂಟೊನೆಟ್ ಬ್ರೌನ್ ನ್ಯೂಯಾರ್ಕ್ ರಾಜ್ಯದ ಹಳ್ಳಿಯೊಂದರ ಸಭೆಯಲ್ಲಿ ದೀಕ್ಷೆ ಪಡೆದದ್ದು 1853ರಲ್ಲಿ. ಸಾಲ್ವೇಷನ್ ಆರ್ಮಿ ಕಟ್ಟಿದ ದಂಪತಿಗಳಲ್ಲಿ ಒಬ್ಬರಾದ ಕ್ಯಾಥರೀನ್ ಬೂತ್, ಹೆಂಗಸು ಬೋಧಿಸಬಹುದು ಅಂತ ಬೈಬಲಿನಿಂದಲೇ ವಾದಿಸಿ ಕಿರುಹೊತ್ತಿಗೆ ಬರೆದದ್ದು 1859ರಲ್ಲಿ. ಇಬ್ಬರೂ ಬಂದದ್ದು ಸುವಾರ್ತೆಯ ಸಭೆಗಳಿಂದಲೇ. ಸದರ್ನ್ ಬ್ಯಾಪ್ಟಿಸ್ಟರಲ್ಲೇ ಆಡಿ ಡೇವಿಸ್ 1964ರಲ್ಲಿ ದೀಕ್ಷೆ ಪಡೆದಿದ್ದರು. ಅಷ್ಟೇ ಯಾಕೆ, ಈ ಒಕ್ಕೂಟ ಪ್ರತಿ ಕ್ರಿಸ್ಮಸ್‌ಗೆ ವಿದೇಶ ಸೇವೆಗೆಂದು ಎತ್ತುವ ಕಾಣಿಕೆಗೆ ಇಟ್ಟಿರುವ ಹೆಸರೇ ಲಾಟಿ ಮೂನ್ ಅನ್ನೋ ಹೆಂಗಸಿನದು. ಸುಮಾರು ನಲವತ್ತು ವರ್ಷ ಚೀನಾದಲ್ಲಿ ದುಡಿದವರು. ದೂರದೇಶದಲ್ಲಿ ಆಗುವುದು ಊರಲ್ಲಿ ಆಗುವುದಿಲ್ಲ, ಅಲ್ವಾ?

ಎರಡನೆಯ ಕತೆ: ಮೊದಲು ಎಲ್ಲರೂ ಸಮ ಇದ್ದರು, 1987ರಲ್ಲಿ ಕೆಲವು ಗಂಡಸರು ಬಂದು ಬಾಗಿಲು ಹಾಕಿದರು. ಇದೂ ಇಲ್ಲ. ಸಭೆಯ ಇತಿಹಾಸದ ಬಹುಪಾಲು ಹೆಂಗಸು ಕೀಳು ಅಂತ ಬಾಯಿಬಿಟ್ಟೇ ಹೇಳಿದೆ. ಸ್ಕಾಟ್ಲೆಂಡಿನ ಜಾನ್ ನಾಕ್ಸ್ 1558ರಲ್ಲಿ ಹೆಣ್ಣು ರಾಣಿಯಾಗುವುದೇ ಪ್ರಕೃತಿಗೆ ವಿರುದ್ಧ ಅಂತ ಬರೆದರು. ಅದಕ್ಕೆ ಹೋಲಿಸಿದರೆ 'ಬೆಲೆಯಲ್ಲಿ ಸಮ, ಪಾತ್ರದಲ್ಲಿ ಬೇರೆ' ಅನ್ನೋ ಡ್ಯಾನ್‌ವರ್ಸ್ ಮಾತು ಸಣ್ಣ ಬದಲಾವಣೆ ಅಲ್ಲ. ಪೂರಕವಾದಿಗಳು ತಾವು ಹಳೆಯದನ್ನೇ ಕಾಯುತ್ತಿದ್ದೇವೆ ಅನ್ನುತ್ತಾರೆ. ಆದರೆ ಕಾಯುವ ಹೊತ್ತಿಗೆ ಅದರ ಕಾರಣವನ್ನೇ ಬದಲಾಯಿಸಿದ್ದಾರೆ. ಹೆಂಗಸು ಕೀಳು, ಆದ್ದರಿಂದ ಅಧೀನ ಅನ್ನೋ ಹಳೆಯ ವಾದ ಕೆಟ್ಟದು, ಆದರೆ ಕೇಳಿದ ಕೂಡಲೇ ಅರ್ಥವಾಗುತ್ತೆ. ಹೆಂಗಸು ಸಮ, ಆದರೂ ಅಧೀನ ಅಂದಾಗ ಯಾಕೆ ಅನ್ನೋ ಪ್ರಶ್ನೆ ಬಾಯಿಗೆ ಬರುತ್ತೆ. ಅದಕ್ಕೆ ಉತ್ತರ ಹುಡುಕುತ್ತಾ ಕೆಲವರು ತಂದೆ, ಮಗ, ಪವಿತ್ರಾತ್ಮ ಮೂವರೂ ಸೇರಿ ಒಬ್ಬನೇ ಆದ ತ್ರಿಯೇಕ ದೇವರವರೆಗೂ ಹೋದರು: ಮಗನು ತಂದೆಗೆ ಸಮ, ಆದರೂ ಅನಾದಿಯಿಂದ ಅಧೀನ, ಹಾಗೆಯೇ ಹೆಂಡತಿ. 2016ರಲ್ಲಿ ಅವರದೇ ಪಾಳೆಯದ ಪಂಡಿತರು ತಿರುಗಿಬಿದ್ದರು. ಗಂಡ ಹೆಂಡಿರ ಜಗಳಕ್ಕೆ, ಮಗ ತಂದೆಗೆ ಸಮ ಅಂತ ನಾಲ್ಕನೇ ಶತಮಾನದಲ್ಲೇ ಸಾರಿದ ನೈಸಿಯ ವಿಶ್ವಾಸಪ್ರಮಾಣವನ್ನು ಅಲುಗಾಡಿಸಬೇಡಿ ಅಂದರು.

ಈಗ ವಚನಗಳಿಗೆ ಬರೋಣ. ಎಲ್ಲವನ್ನೂ ಹೇಳುತ್ತಾ ಹೋದರೆ ರಾತ್ರಿ ಊಟ ಇಲ್ಲೇ ಆಗುತ್ತೆ. ಎರಡು ಸಾಕು.

ಒಂದು, ಎಫೆಸದವರಿಗೆ ಬರೆದ ಪತ್ರದ ಐದನೇ ಅಧ್ಯಾಯ. ಕ್ರೈಸ್ತ ಮದುವೆಗೆ ಹೋದವರೆಲ್ಲ ಕೇಳಿರುತ್ತೀರಿ. 22ನೇ ವಚನದಲ್ಲಿ ಹೆಂಡತಿಯರು ಗಂಡಂದಿರಿಗೆ ಅಧೀನರಾಗಿರಬೇಕು ಅಂತ ಪೌಲ, ಮೊದಲ ತಲೆಮಾರಿನ ಕ್ರೈಸ್ತ ಬೋಧಕ, ಹೇಳುತ್ತಾನೆ. ಅದರ ಹಿಂದಿನ 21ನೇ ವಚನದಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಅಧೀನರಾಗಿರಿ ಅಂದಿದ್ದಾನೆ. ಸ್ವಾರಸ್ಯ ಏನು ಗೊತ್ತಾ? ತುಂಬಾ ಹಳೆಯ ಕೆಲವು ಗ್ರೀಕ್ ಹಸ್ತಪ್ರತಿಗಳಲ್ಲಿ 22ನೇ ವಚನಕ್ಕೆ ಕ್ರಿಯಾಪದವೇ ಇಲ್ಲ. 21ರ ಕ್ರಿಯಾಪದವನ್ನೇ ಅದು ಎರವಲು ತಗೊಳ್ಳುತ್ತೆ. ಎರಡೂ ಸೇರಿ ಒಂದೇ ಉಸಿರಿನ ಮಾತು. ಈಗ ಅಚ್ಚಾದ ಬೈಬಲುಗಳನ್ನು ತೆಗೆದು ನೋಡಿ. ಕೆಲವು ಆವೃತ್ತಿಗಳಲ್ಲಿ 'ಹೆಂಡತಿಯರೂ ಗಂಡಂದಿರೂ' ಅನ್ನೋ ಥರದ ತಲೆಬರಹವನ್ನು 21ಕ್ಕೂ 22ಕ್ಕೂ ನಡುವೆ ತೂರಿಸಿರುತ್ತಾರೆ. ಪೂರಕವಾದಿಗಳಿಗೆ ಪ್ರಿಯವಾದ ಇಂಗ್ಲಿಷ್ ಸ್ಟ್ಯಾಂಡರ್ಡ್ ವರ್ಷನ್‌ನಲ್ಲಿ ಹಾಗಿದೆ. ಬೇರೆ ಕೆಲವದರಲ್ಲಿ ತಲೆಬರಹ 21ರ ಮೇಲಿದೆ. ದಪ್ಪಕ್ಷರದ ಒಂದು ಸಾಲು ಎಲ್ಲಿ ಕೂರುತ್ತೆ ಅನ್ನೋದರ ಮೇಲೆ ಭಾನುವಾರದ ಬೋಧನೆಯೇ ಬದಲಾಗುತ್ತೆ.

ಪೂರಕವಾದಿಗಳ ಉತ್ತರವನ್ನೂ ಕೇಳಬೇಕು. ಮುಂದಿನ ವಚನಗಳಲ್ಲಿ ಗಂಡನಿಗೆ ಹೇಳಿದ್ದು ಏನು? ಕ್ರಿಸ್ತನು ಸಭೆಗಾಗಿ ತನ್ನ ಪ್ರಾಣ ಕೊಟ್ಟ ಹಾಗೆ ಹೆಂಡತಿಯನ್ನು ಪ್ರೀತಿಸು. ಹೆಂಡತಿಗೆ ಹೇಳಿದ್ದಕ್ಕಿಂತ ಜಾಸ್ತಿ ಸಾಲು ಗಂಡನಿಗಿದೆ. ತಲೆ ಅಂದರೆ ಮೊದಲು ಸಾಯಬೇಕಾದವನು, ಮೊದಲು ಉಣ್ಣಬೇಕಾದವನಲ್ಲ ಅಂತ ಅವರಲ್ಲಿ ಒಳ್ಳೆಯ ಬೋಧಕರು ಹೇಳುತ್ತಾರೆ. ಮನಸ್ಸಿಟ್ಟೇ ಹೇಳುತ್ತಾರೆ.

ಎರಡು, ತಿಮೊಥೆಯನಿಗೆ ಬರೆದ ಮೊದಲ ಪತ್ರದ ಎರಡನೇ ಅಧ್ಯಾಯ. ಹೆಂಗಸು ಗಂಡಸಿಗೆ ಬೋಧಿಸುವುದನ್ನಾಗಲಿ ಅವನ ಮೇಲೆ ಅಧಿಕಾರ ನಡೆಸುವುದನ್ನಾಗಲಿ ನಾನು ಒಪ್ಪುವುದಿಲ್ಲ ಅನ್ನುತ್ತಾನೆ ಪೌಲ. ಇಲ್ಲಿ ಅಧಿಕಾರ ಅನ್ನೋದಕ್ಕೆ ಬಳಸಿರುವ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಇನ್ನೆಲ್ಲೂ ಬರುವುದಿಲ್ಲ. ಆ ಒಂದು ಪದದ ಮೇಲೆ ಕಪಾಟು ತುಂಬುವಷ್ಟು ಬರಹ ಬಂದಿದೆ. ಅದು ಎಫೆಸ ಊರಿನ ತಪ್ಪುಬೋಧನೆಗೆ ಹಾಕಿದ ತಡೆ ಅನ್ನುತ್ತಾರೆ ಸಮಾನತಾವಾದಿಗಳು. ಇದೇ ಪೌಲನ ಜತೆಗಾರ್ತಿ ಪ್ರಿಸ್ಕಿಲ್ಲ ಗಂಡ ಅಕ್ವಿಲನ ಜತೆ ಸೇರಿ ಅಪೊಲ್ಲೋಸ ಅನ್ನೋ ಪಂಡಿತನಿಗೆ ಪಾಠ ಹೇಳಿದ್ದು ಬೈಬಲಿನಲ್ಲೇ ಇದೆಯಲ್ಲ ಅಂತ ಕೇಳುತ್ತಾರೆ. ಆ ದಂಪತಿಯ ಹೆಸರು ಬರುವ ಆರು ಕಡೆಗಳಲ್ಲಿ ನಾಲ್ಕು ಕಡೆ ಹೆಂಡತಿಯ ಹೆಸರೇ ಮೊದಲು. ಪೂರಕವಾದಿಗಳು ಒಂದೇ ಮಾತಿನಲ್ಲಿ ತಿರುಗಿ ಹೊಡೆಯುತ್ತಾರೆ: ಪೌಲ ಎಫೆಸದ ಗಲಾಟೆಯನ್ನು ಕಾರಣವಾಗಿ ಕೊಟ್ಟಿಲ್ಲ, ಆದಾಮ ಮೊದಲು ಉಂಟಾದ ಅನ್ನೋದನ್ನು ಕೊಟ್ಟಿದ್ದಾನೆ. ಇದು ಗಟ್ಟಿ ವಾದ, ಸುಮ್ನೆ ತಳ್ಳಿಹಾಕೋಕೆ ಆಗಲ್ಲ.

ಹೆಂಡತಿಯರ ಮಾತು ಮುಗಿದು ಪುಟ ತಿರುಗಿಸಿದರೆ ಎಫೆಸದ ಪತ್ರ 'ದಾಸರೇ, ನಿಮ್ಮ ಯಜಮಾನರ ಮಾತು ಕೇಳಿರಿ' ಅನ್ನುತ್ತೆ. ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟ 1845ರಲ್ಲಿ ಹುಟ್ಟಿದ್ದೇ ಗುಲಾಮರನ್ನು ಇಟ್ಟುಕೊಂಡವರು ಮಿಷನರಿ ಆಗಬಹುದೋ ಇಲ್ಲವೋ ಅನ್ನೋ ಜಗಳದಲ್ಲಿ. ಆಗಬಹುದು ಅಂದ ಕಡೆಯವರು ಇವರು. ಆಗಲೂ ವಚನ ಇತ್ತು, ಪಂಡಿತರಿದ್ದರು, ನಡುಗದ ದನಿ ಇತ್ತು. 1995ರಲ್ಲಿ ಕ್ಷಮೆ ಕೇಳಿದರು. ಗುಲಾಮಗಿರಿ ಸೃಷ್ಟಿಯಲ್ಲಿ ಇರಲಿಲ್ಲ, ಮದುವೆ ಇತ್ತು, ಆದ್ದರಿಂದ ಎರಡನ್ನೂ ಒಂದೇ ಮಾಡಬೇಡಿ ಅನ್ನುತ್ತಾರೆ ಪೂರಕವಾದಿಗಳು. ಆ ವ್ಯತ್ಯಾಸ ನನಗೂ ಕಾಣುತ್ತೆ. ಆದರೆ ಒಂದು ಸಲ ಅಷ್ಟು ಖಚಿತವಾಗಿ ತಪ್ಪಿದವರು ಎರಡನೇ ಸಲ ಸ್ವಲ್ಪ ಮೆತ್ತಗೆ ಮಾತಾಡಬಹುದಿತ್ತು.

ಅವರು ಮೆತ್ತಗೆ ಮಾತಾಡಲಿಲ್ಲ. 1998ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಸೇರಿ ತಮ್ಮ ವಿಶ್ವಾಸದ ಪ್ರಣಾಳಿಕೆಗೆ ಕುಟುಂಬದ ಬಗ್ಗೆ ಹೊಸ ಪರಿಚ್ಛೇದ ಸೇರಿಸಿದರು. ದೇವರ ಮುಂದೆ ಇಬ್ಬರ ಬೆಲೆಯೂ ಒಂದೇ, ಆದರೆ ಹೆಂಡತಿ ಗಂಡನ ಸೇವಾಭಾವದ ನಾಯಕತ್ವಕ್ಕೆ ಮನಸಾರೆ ಅಧೀನಳಾಗಬೇಕು. ಇಬ್ಬರೂ ಒಬ್ಬರಿಗೊಬ್ಬರು ಅಧೀನರಾಗಲಿ ಅಂತ ತಿದ್ದುಪಡಿ ಬಂತು. 21ನೇ ವಚನದ ಮಾತೇ ಅದು. ಬಿದ್ದುಹೋಯಿತು. ಆ ಕರಡು ಸಮಿತಿಯಲ್ಲಿ ಡೊರೊತಿ ಪ್ಯಾಟರ್ಸನ್ ಅನ್ನೋ ಹೆಂಗಸೂ ಇದ್ದರು, ಹಾಗಾಗಿ ಇದು ಬರೀ ಗಂಡಸರ ಕೆಲಸ ಅನ್ನೋ ಹಾಗಿಲ್ಲ. 2000ದಲ್ಲಿ ಪಾಸ್ಟರ್ ಹುದ್ದೆ ಗಂಡಸರಿಗೆ ಮಾತ್ರ ಅನ್ನೋ ಸಾಲೂ ಸೇರಿತು. ಅದೇ ವರ್ಷ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ತಾನು ಇನ್ನು ಈ ಒಕ್ಕೂಟದವನಲ್ಲ ಅಂದರು. ಬಾಲ್ಯದಿಂದ ಬ್ಯಾಪ್ಟಿಸ್ಟ್ ಆಗಿದ್ದ ಮನುಷ್ಯ. ಬ್ಯಾಪ್ಟಿಸ್ಟ್ ಆಗಿಯೇ ಉಳಿದರು, ತಮ್ಮ ಊರು ಪ್ಲೇನ್ಸ್‌ನ ಸಭೆಯಲ್ಲಿ ಮುದುಕರಾಗುವವರೆಗೂ ಭಾನುವಾರದ ಪಾಠ ಹೇಳಿದರು.

ಇಷ್ಟೆಲ್ಲ ಕೇಳಿದರೆ ಈ ಮನೆಗಳಲ್ಲಿ ಗಂಡ ಕುರ್ಚಿಯಲ್ಲಿ ಕೂತು ಹುಕುಂ ಮಾಡುತ್ತಾನೆ, ಹೆಂಡತಿ ತಲೆತಗ್ಗಿಸಿ ನಿಂತಿರುತ್ತಾಳೆ ಅನಿಸಬಹುದು. ಸಮಾಜಶಾಸ್ತ್ರಜ್ಞರು ಹೋಗಿ ನೋಡಿದಾಗ ಹಾಗೆ ಕಾಣಲಿಲ್ಲ. ಸ್ಯಾಲಿ ಗ್ಯಾಲಗರ್ ಮತ್ತು ಕ್ರಿಶ್ಚಿಯನ್ ಸ್ಮಿತ್ 1990ರ ದಶಕದಲ್ಲಿ ಇವ್ಯಾಂಜೆಲಿಕಲ್ ಜನರನ್ನು ಮಾತಾಡಿಸಿದರು. ಗಂಡ ಮನೆಯ ತಲೆಯಾ ಅಂದರೆ ಬಹುಪಾಲು ಜನ ಹೌದು ಅಂದರು. ಮದುವೆ ಸಮಪಾಲಿನದಾ ಅಂದರೆ ಅದಕ್ಕೂ ಹೌದು. ಹೆಂಡತಿ ಕೆಲಸಕ್ಕೆ ಹೋಗುತ್ತಾಳೆ, ತೀರ್ಮಾನಗಳನ್ನು ಕೂತು ಮಾತಾಡಿ ಮಾಡುತ್ತಾರೆ. ಬ್ರಾಡ್‌ಫರ್ಡ್ ವಿಲ್ಕಾಕ್ಸ್ 2004ರಲ್ಲಿ ಇನ್ನೊಂದು ವಿಷಯ ತೋರಿಸಿದರು. ತಪ್ಪದೆ ಸಭೆಗೆ ಹೋಗುವ ಇವ್ಯಾಂಜೆಲಿಕಲ್ ಗಂಡಂದಿರು ಮಕ್ಕಳ ಜತೆ ಜಾಸ್ತಿ ಹೊತ್ತು ಕಳೆಯುತ್ತಾರೆ, ಹೊಡೆತ ಬಡಿತ ಕಡಿಮೆ. ಹೆಸರಿಗೆ ಮಾತ್ರ ಇವ್ಯಾಂಜೆಲಿಕಲ್ ಆದವರ ಮನೆಗಳಲ್ಲಿ ಅದು ಹೆಚ್ಚು. ತಲೆತನದ ಮಾತನ್ನು ಕೇಳಿಸಿಕೊಂಡು, ಪ್ರಾಣ ಕೊಡುವ ಮಾತಿನ ಹೊತ್ತಿಗೆ ಎದ್ದುಹೋದವರು ಅಂತ ಕಾಣುತ್ತೆ.

ಹಾಗಾದರೆ ಜಗಳ ಯಾತಕ್ಕೆ? ಪಾತ್ರೆ ತೊಳೆಯೋದು ಯಾರು, ದುಡಿಯೋದು ಯಾರು ಅನ್ನೋದರಲ್ಲಿ ಈ ಎರಡು ಪಾಳೆಯದ ಮನೆಗಳಿಗೆ ಅಂಥಾ ವ್ಯತ್ಯಾಸ ಇಲ್ಲ. ಒಂದೇ ಒಂದು ಕಡೆ ಇದೆ. ಇಬ್ಬರೂ ಕೂತು ಮಾತಾಡಿದರು, ಪ್ರಾರ್ಥನೆ ಮಾಡಿದರು, ಒಮ್ಮತ ಬರಲಿಲ್ಲ. ಆಗ? ಗಂಡನದೇ ಕೊನೆಯ ಮಾತು ಅನ್ನುತ್ತಾರೆ ಪೂರಕವಾದಿಗಳು. ನಮ್ಮ ಮನೆಯಲ್ಲಿ ಅಂಥ ಸಂದರ್ಭ ಬಂದದ್ದೇ ಅಪರೂಪ ಅಂತ ನಗುತ್ತಾ ಸೇರಿಸುತ್ತಾರೆ. ಅದು ಸುಳ್ಳಲ್ಲ. ಒಳ್ಳೆಯ ಮನೆಯಲ್ಲಿ ಕೊನೆಯ ಮಾತಿಗೆ ಕೆಲಸವೇ ಇರುವುದಿಲ್ಲ. ಅದಕ್ಕೇ ಈ ಬೋಧನೆಯನ್ನು ಒಳ್ಳೆಯ ಮನೆಗಳಲ್ಲಿ ಅಳೆಯಬಾರದು ಅನ್ನೋದು ನನ್ನ ವಾದ. ಮನೆ ಕೆಟ್ಟಾಗ ಹೆಂಡತಿ ಎಲ್ಲಿಗೆ ಹೋಗಬಹುದು, ಅಲ್ಲಿ ಅವಳ ಮಾತು ಕೇಳೋರು ಯಾರು, ಅದನ್ನು ನೋಡಬೇಕು.

ಬಿಲ್ ಗಾಥರ್ಡ್ ಅನ್ನೋ ಬೋಧಕರೊಬ್ಬರು 1970ರ ದಶಕದಲ್ಲಿ ಕ್ರೀಡಾಂಗಣ ತುಂಬುವಷ್ಟು ಜನಕ್ಕೆ ತರಬೇತಿ ಕೊಡುತ್ತಿದ್ದರು. ಅವರ ಬಳಗದಿಂದ ಹರಡಿದ ಒಂದು ಚಿತ್ರ ಇದೆ. ಒಂದರ ಕೆಳಗೊಂದು ಮೂರು ಛತ್ರಿ. ಮೇಲಿನ ದೊಡ್ಡದು ಕ್ರಿಸ್ತ, ಅದರ ಕೆಳಗೆ ಗಂಡ, ಅದರ ಕೆಳಗಿನ ಸಣ್ಣದು ಹೆಂಡತಿ. ಛತ್ರಿಯಿಂದ ಆಚೆ ಕಾಲಿಟ್ಟರೆ ಸೈತಾನನ ಮಳೆಗೆ ಸಿಕ್ಕಿಬೀಳುತ್ತೀರಿ. ಚಿತ್ರವನ್ನು ಎಷ್ಟು ಸಲ ನೋಡಿದರೂ ಒಂದು ಸಂಗತಿ ಕಾಣಲ್ಲ: ನಡುವಿನ ಛತ್ರಿಯೇ ಹರಿದಿದ್ದರೆ ಕೆಳಗಿನವಳು ಏನು ಮಾಡಬೇಕು? 2014ರಲ್ಲಿ, ಹಲವಾರು ಹೆಂಗಸರು ಕಿರುಕುಳದ ದೂರು ಹೇಳಿದ ಮೇಲೆ, ಗಾಥರ್ಡ್ ತಮ್ಮ ಸಂಸ್ಥೆಗೆ ರಾಜೀನಾಮೆ ಕೊಟ್ಟರು.

ಹರಿದ ಛತ್ರಿಯ ಪ್ರಶ್ನೆಗೆ ಒಬ್ಬ ದೊಡ್ಡ ಮುಂದಾಳು ಕೊಟ್ಟ ಉತ್ತರ ಧ್ವನಿಮುದ್ರಣದಲ್ಲೇ ಉಳಿದಿದೆ. ಪೇಯ್ಜ್ ಪ್ಯಾಟರ್ಸನ್, ಡೊರೊತಿಯವರ ಗಂಡ, ಸದರ್ನ್ ಬ್ಯಾಪ್ಟಿಸ್ಟರನ್ನು ಸಂಪ್ರದಾಯದ ಕಡೆ ತಿರುಗಿಸಿದವರಲ್ಲಿ ಪ್ರಮುಖರು. 2000ದಲ್ಲಿ ಮಾತಾಡಿದ್ದು. ಗಂಡ ಹಿಂಸೆ ಕೊಡುತ್ತಾನೆ ಅಂತ ಬಂದ ಹೆಂಗಸಿಗೆ, ರಾತ್ರಿ ಅವನ ಮಂಚದ ಪಕ್ಕ ಮಂಡಿಯೂರಿ ಪ್ರಾರ್ಥನೆ ಮಾಡು, ಅವನು ಇನ್ನೂ ಸ್ವಲ್ಪ ಕೆರಳಬಹುದು, ತಯಾರಾಗಿರು ಅಂತ ಹೇಳಿ ಕಳಿಸಿದರಂತೆ. ಅವಳು ಎರಡೂ ಕಣ್ಣು ಕಪ್ಪಗಾಗಿ ಸಭೆಗೆ ಬಂದಳು. ನಿಮಗೀಗ ಖುಷಿಯಾ ಅಂತ ಕೇಳಿದಳು. ಹೌದು, ಖುಷಿ ಅಂದರಂತೆ. ಯಾಕೆಂದರೆ ಆ ಗಂಡ ಅವತ್ತೇ ಮೊದಲ ಸಲ ಬಂದು ಸಭೆಯ ಹಿಂದೆ ನಿಂತಿದ್ದ. ಪ್ಯಾಟರ್ಸನ್ ಇದನ್ನು ದೇವರ ಕೆಲಸದ ಸಾಕ್ಷಿಯಾಗಿ ಹೇಳಿದ್ದು. 18 ವರ್ಷ ಯಾರೂ ಕುರ್ಚಿ ಅಲುಗಾಡಿಸಲಿಲ್ಲ. 2018ರಲ್ಲಿ ಆ ಧ್ವನಿಮುದ್ರಣ ಹರಡಿತು, ಸಾವಿರಾರು ಹೆಂಗಸರು ಸಹಿ ಹಾಕಿ ಪತ್ರ ಬರೆದರು. ಅದರ ಜತೆಗೆ ವಿದ್ಯಾರ್ಥಿನಿಯ ಅತ್ಯಾಚಾರದ ದೂರನ್ನು ನಿಭಾಯಿಸಿದ ರೀತಿಯೂ ಹೊರಬಂದಾಗ, ಅವರು ಅಧ್ಯಕ್ಷರಾಗಿದ್ದ ಟೆಕ್ಸಸ್‌ನ ಸೆಮಿನರಿಯ ಆಡಳಿತ ಮಂಡಳಿ ಅವರನ್ನು ತೆಗೆದುಹಾಕಿತು.

ಮರುವರ್ಷ, 2019ರ ಫೆಬ್ರವರಿಯಲ್ಲಿ, ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆ ಮತ್ತು ಸ್ಯಾನ್ ಆಂಟೋನಿಯೋದ ಪತ್ರಿಕೆ ಸೇರಿ ತನಿಖೆ ಪ್ರಕಟಿಸಿದವು. 20 ವರ್ಷಗಳಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಸಭೆಗಳ ಸುಮಾರು 380 ಪಾಸ್ಟರ್, ಸ್ವಯಂಸೇವಕರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ. 700ಕ್ಕೂ ಹೆಚ್ಚು ಜನ ನೊಂದವರು. 2022ರಲ್ಲಿ ಹೊರಗಿನ ಸಂಸ್ಥೆಯೊಂದು ತನಿಖೆ ಮಾಡಿದಾಗ, ಆರೋಪ ಹೊತ್ತವರ ಹೆಸರುಗಳ ಪಟ್ಟಿಯನ್ನು ಒಕ್ಕೂಟದ ಕಚೇರಿಯೇ ವರ್ಷಗಟ್ಟಲೆ ಗುಟ್ಟಾಗಿ ಇಟ್ಟುಕೊಂಡಿತ್ತು ಅಂತ ಗೊತ್ತಾಯಿತು. ದೂರುದಾರರಿಗೆ ಮಾತ್ರ ಏನೂ ಮಾಡೋಕೆ ಬರಲ್ಲ, ಪ್ರತಿ ಸಭೆಯೂ ಸ್ವತಂತ್ರ ಅಂತ ಉತ್ತರ ಹೋಗುತ್ತಿತ್ತು. ಹೆಂಗಸು ಪಾಸ್ಟರ್ ಆದಾಗ ಈ ಸ್ವಾತಂತ್ರ್ಯ ಎಲ್ಲಿ ಹೋಯಿತು ಅಂತ ನೀವು ಕೇಳಬಹುದು. ಅಲ್ಲಿಯೂ ತುಂಬಾ ಜನ ಅದನ್ನೇ ಕೇಳಿದರು.

ಒಕ್ಕೂಟದಿಂದ ಹೊರನಡೆದವರಲ್ಲಿ ಬೆತ್ ಮೂರ್ ಒಬ್ಬರು. ದಶಕಗಳ ಕಾಲ ಲಕ್ಷಾಂತರ ಹೆಂಗಸರಿಗೆ ಬೈಬಲ್ ಕಲಿಸಿದವರು, ಪೂರಕವಾದವನ್ನು ಒಪ್ಪಿಕೊಂಡೇ ಇದ್ದವರು. ಗಂಡಸು ಮುಂದಾಳುಗಳ ಮುಂದೆ ಯಾವಾಗಲೂ ತಗ್ಗಿ ಬಗ್ಗಿ ನಡೆದದ್ದನ್ನು, ಒಂದೇ ಲಿಫ್ಟಿನಲ್ಲಿ ಹೋಗುವಾಗಲೂ ಅವರು ಮಾತಾಡಿಸದೇ ಇದ್ದದ್ದನ್ನು 2018ರಲ್ಲಿ ಬಹಿರಂಗ ಪತ್ರದಲ್ಲಿ ಬರೆದರು. 2019ರಲ್ಲಿ ವೇದಿಕೆಯೊಂದರಲ್ಲಿ ಕ್ಯಾಲಿಫೋರ್ನಿಯಾದ ಹೆಸರಾಂತ ಬೋಧಕ ಜಾನ್ ಮೆಕಾರ್ಥರ್ ಅವರಿಗೆ ಮೂರ್ ಹೆಸರು ಹೇಳಿ ಅನಿಸಿದ್ದು ಹೇಳಿ ಅಂದಾಗ, 'ಮನೆಗೆ ಹೋಗು' ಅಂದರು. ಸಭಿಕರು ನಕ್ಕರು. 2021ರಲ್ಲಿ ಮೂರ್ ಒಕ್ಕೂಟ ಬಿಟ್ಟರು.

ಈಗ ನನ್ನ ವಾದಕ್ಕೇ ತೊಡಕಾಗುವ ಒಂದು ವಿಷಯ. ಶಿಕಾಗೋ ಹತ್ತಿರದ ವಿಲ್ಲೋ ಕ್ರೀಕ್ ಸಭೆ ಸಮಾನತಾವಾದಕ್ಕೆ ಹೆಸರಾದದ್ದು. ಹಿರಿಯರ ಮಂಡಳಿಯಲ್ಲಿ ಹೆಂಗಸರಿದ್ದರು. ಆದರೂ 2018ರಲ್ಲಿ ಅದರ ಸ್ಥಾಪಕ ಬಿಲ್ ಹೈಬೆಲ್ಸ್ ಮೇಲೆ ಹಲವು ಹೆಂಗಸರು ದೂರು ಹೇಳಿದಾಗ ಮಂಡಳಿ ಮೊದಲು ನಂಬಿದ್ದು ಸ್ಥಾಪಕನನ್ನೇ. ಅವರು ಆರೋಪ ಒಪ್ಪಲಿಲ್ಲ, ಆದರೆ ಹುದ್ದೆ ಬಿಟ್ಟರು. ಕೆಲವು ತಿಂಗಳಾದ ಮೇಲೆ ಇಡೀ ಮಂಡಳಿಯೇ ರಾಜೀನಾಮೆ ಕೊಟ್ಟಿತು. ಮೇಜಿನ ಸುತ್ತ ಹೆಂಗಸರಿಗೆ ಕುರ್ಚಿ ಹಾಕಿದ ಮಾತ್ರಕ್ಕೆ ಕೊನೆಯ ಮಾತು ಹಂಚಿಹೋಗಲ್ಲ. ಒಬ್ಬನೇ ಮನುಷ್ಯನ ವರ್ಚಸ್ಸಿನ ಮೇಲೆ ನಿಂತ ಸಭೆಯಲ್ಲಿ ಅದು ಅವನ ಜೇಬಿನಲ್ಲೇ ಇರುತ್ತೆ. ಹಾಗಂತ ಕುರ್ಚಿಯೇ ಬೇಡ ಅನ್ನೋದಕ್ಕೆ ಇದು ಕಾರಣವಾಗಲ್ಲ.

ಇನ್ನೊಂದು ಕಡೆ, ಪೂರಕವಾದಿಗಳೂ ಈ ಪ್ರಶ್ನೆಯಿಂದ ತಪ್ಪಿಸಿಕೊಂಡಿಲ್ಲ. ಡ್ಯಾನ್‌ವರ್ಸ್ ಹೇಳಿಕೆಯಲ್ಲೇ ಮನೆಯೊಳಗಿನ ಹಿಂಸೆ ಹೆಚ್ಚುತ್ತಿದೆ ಅನ್ನೋ ಆತಂಕ ಇದೆ. ಗ್ರೂಡೆಮ್ ಮೊದಲು ವ್ಯಭಿಚಾರ, ಬಿಟ್ಟುಹೋಗುವುದು ಎರಡಕ್ಕೆ ಮಾತ್ರ ವಿಚ್ಛೇದನ ಒಪ್ಪುತ್ತಿದ್ದರು. 2019ರಲ್ಲಿ ವಿದ್ವಾಂಸರ ಸಭೆಯಲ್ಲಿ ನಿಂತು, ಹಿಂಸೆಯೂ ಕಾರಣವಾಗಬಹುದು, ಕೊರಿಂಥದ ಪತ್ರದ ಒಂದು ವಚನವನ್ನು ಮತ್ತೆ ಪರಿಶೀಲಿಸಿದೆ ಅಂದರು. ಮತ್ತೆ ನೋಡಲು ಕಾರಣ ಏನು ಗೊತ್ತಾ? ನಿಜವಾದ ಹೆಂಗಸರು ಅನುಭವಿಸಿದ ಹಿಂಸೆಯ ವಿವರಗಳನ್ನು ಕೇಳಿದ್ದು. ಪಂಡಿತನ ಗ್ರೀಕ್ ಮೊದಲೂ ಚೆನ್ನಾಗಿಯೇ ಇತ್ತು. ಯಾರ ಮಾತು ಕಿವಿಗೆ ಬಿತ್ತು ಅನ್ನೋದು ಬದಲಾಯಿತು. ದೂರು ಕೇಳುವ ಮಂಡಳಿಯಲ್ಲಿ ಹೆಂಗಸರು ಇರಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ, ಅದೂ ಪೂರಕವಾದದ ಮೂಲ ಪುರುಷನಿಂದಲೇ.

ನ್ಯೂ ಆರ್ಲಿಯನ್ಸ್ ಆದಮೇಲೆ ಏನಾಯಿತು? ಯಾವ ಥರದ ಪಾಸ್ಟರ್ ಹುದ್ದೆಗೂ ಹೆಂಗಸರನ್ನು ನೇಮಿಸಬಾರದು ಅಂತ ಒಕ್ಕೂಟದ ಸಂವಿಧಾನಕ್ಕೇ ತಿದ್ದುಪಡಿ ತರುವ ಪ್ರಯತ್ನ ನಡೆಯಿತು. ಮೂರನೇ ಎರಡು ಮತ ಬೇಕಿತ್ತು. 2024ರಲ್ಲಿ ಇಂಡಿಯಾನಪೊಲಿಸ್‌ನಲ್ಲಿ ಸುಮಾರು ಶೇ. 61 ಸಿಕ್ಕಿ ಬಿದ್ದುಹೋಯಿತು. 2025ರಲ್ಲಿ ಡಲ್ಲಾಸ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ.

ನಮ್ಮ ಕಡೆಯ ಒಬ್ಬ ಹೆಂಗಸಿನ ಬಗ್ಗೆ ಹೇಳಲೇಬೇಕು. ಪಂಡಿತಾ ರಮಾಬಾಯಿ. ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಅಪ್ಪ ಅನಂತಶಾಸ್ತ್ರಿ ಡೋಂಗ್ರೆ, ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿ ಸುತ್ತಲಿನವರ ವಿರೋಧ ಕಟ್ಟಿಕೊಂಡವರು. ಆ ತಾಯಿಯಿಂದಲೇ ರಮಾಬಾಯಿ ಪಾಠ ಕಲಿತದ್ದು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ಕ್ರೈಸ್ತರಾದರು. ಚೆಲ್ಟನ್‌ಹ್ಯಾಮ್‌ನಲ್ಲಿದ್ದಾಗ ಅವರು ಗಂಡಸರಿಗೂ ಸಂಸ್ಕೃತ ಹೇಳಿಕೊಡುವ ಮಾತು ಬಂತು. ಭಾರತದಲ್ಲಿದ್ದ ಇಂಗ್ಲಿಷ್ ಬಿಷಪ್ಪರು ಬೇಡ ಅಂದರು, ಅವಳ ದೇಶದವರು ಏನಂದುಕೊಂಡಾರು ಅಂತ. ರಮಾಬಾಯಿ ಸಿಟ್ಟಿನಿಂದ ಕಾಗದ ಬರೆದರು. ನನ್ನಮ್ಮನಾಗಲಿ ನಾನಾಗಲಿ ಗಂಡುಹುಡುಗರಿಗೆ ಪಾಠ ಹೇಳಿದರೆ ನಮ್ಮಪ್ಪನೂ ಬೇಡ ಅನ್ನಲಿಲ್ಲ, ನನ್ನ ಗಂಡನೂ ಬೇಡ ಅನ್ನಲಿಲ್ಲ, ಇವರಿಗೇನು ಅನ್ನೋ ಅರ್ಥದಲ್ಲಿ! ಆಮೇಲೆ ಪುಣೆ ಹತ್ತಿರದ ಕೇಡ್ಗಾವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿದರು. ಬರಗಾಲದಲ್ಲಿ ಅನಾಥರಾದ ಹೆಣ್ಣುಮಕ್ಕಳನ್ನು ಕರೆತಂದು ಸಾಕಿದರು, ಬೈಬಲನ್ನು ತಾವೇ ಮರಾಠಿಗೆ ತಂದರು, ಆಶ್ರಮದ ಹೆಂಗಸರೇ ಅಚ್ಚು ಮಾಡಿದರು. 1905ರಲ್ಲಿ ಅಲ್ಲಿ ನಡೆದ ಉಜ್ಜೀವನವನ್ನು, ಅಂದರೆ ಭಕ್ತಿ ಹೊಸದಾಗಿ ಉಕ್ಕಿದ್ದನ್ನು, ಪೆಂಟೆಕೋಸ್ಟಲ್ ಇತಿಹಾಸಕಾರರು ಇವತ್ತಿಗೂ ಎತ್ತಿ ಹೇಳುತ್ತಾರೆ. ಇವ್ಯಾಂಜೆಲಿಕಲ್ ಅನ್ನೋ ಪದಕ್ಕೆ ಇದಕ್ಕಿಂತ ಗಟ್ಟಿ ಉದಾಹರಣೆ ಸಿಗೋದು ಕಷ್ಟ.

ಇನ್ನು ಪ್ರಶ್ನೆಗಳು.

ಒಬ್ಬ ತಾಯಿ ಕೇಳಿದರು: "ಹೆಂಡತಿಯೇ ಮನಸಾರೆ ಒಪ್ಪಿಕೊಂಡು ಗಂಡನ ಮಾತು ಕೇಳ್ತೀನಿ ಅಂದ್ರೆ ನಿಮಗೇನು ಕಷ್ಟ?"

ನನಗೇನೂ ಕಷ್ಟ ಇಲ್ಲಮ್ಮ. ತಾಯಂದಿರು, ಅತ್ತೆಯಂದಿರು ಹಾಗೆ ಬಾಳಿ ಸುಖವಾಗಿದ್ದದ್ದನ್ನು ನಾನೂ ನೋಡಿದ್ದೇನೆ. ಒಪ್ಪಿದವಳಿಗೆ ಆ ಒಪ್ಪಿಗೆಯನ್ನು ವಾಪಸ್ ತಗೊಳ್ಳೋಕೆ ಆಗುತ್ತಾ ಅನ್ನೋದಷ್ಟೇ ನನ್ನ ಪ್ರಶ್ನೆ. ನಾಳೆ ಅವನು ಕೈ ಎತ್ತಿದರೆ, ದುಡ್ಡೆಲ್ಲ ಕುಡಿದು ಮುಗಿಸಿದರೆ, ಅವಳು ಇನ್ನು ಸಾಕು ಅಂದಾಗ ಅದು ದೇವರ ಮಾತು ಮೀರಿದ ಹಾಗೆ ಅಂತ ಸಭೆ ಹೇಳಿದರೆ, ಮೊದಲು ಕೊಟ್ಟದ್ದು ಒಪ್ಪಿಗೆ ಆಗಿತ್ತಾ? ಬೇರೆ ದಾರಿಯೇ ಇರಲಿಲ್ಲ ಅಂತಾಗುತ್ತೆ.

ಇನ್ನೊಬ್ಬರು: "ಸಾರ್, ಇದೆಲ್ಲ ಅಮೆರಿಕದ್ದಾಯ್ತು. ನಮ್ಮಲ್ಲಿ?"

ನಮ್ಮಲ್ಲಿ ಒಂದೇ ಥರ ಇಲ್ಲ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಹೆಂಗಸರಿಗೆ ದೀಕ್ಷೆ ಸಿಕ್ಕಿ ದಶಕಗಳಾದವು. 2013ರಲ್ಲಿ ಆಂಧ್ರದ ನಂದ್ಯಾಲದಲ್ಲಿ ಪುಷ್ಪಲಲಿತ ಅವರು ಬಿಷಪ್ ಕೂಡ ಆದರು. ಅದೇ ಊರಲ್ಲಿ ಎರಡು ಬೀದಿ ದಾಟಿದರೆ ಇನ್ನೊಂದು ಸಭೆ ಸಿಗುತ್ತೆ, ಅಲ್ಲಿ ಪಾಸ್ಟರಮ್ಮ, ಅಂದರೆ ಪಾಸ್ಟರ್ ಹೆಂಡತಿ, ಇರುತ್ತಾರೆ. ಉಪವಾಸ ಪ್ರಾರ್ಥನೆ ನಡೆಸೋದು, ಹೆಂಗಸರ ಕೂಟ, ಆಸ್ಪತ್ರೆಗೆ ಹೋಗಿ ಬರೋದು, ಸಾವಿನ ಮನೆಗೆ ಅಡುಗೆ ಕಳಿಸೋದು ಎಲ್ಲ ಅವರದೇ. ಲೆಕ್ಕದ ಪುಸ್ತಕದಲ್ಲಿ, ಸಮಿತಿಯ ಪಟ್ಟಿಯಲ್ಲಿ ಮಾತ್ರ ಅವರ ಹೆಸರಿರಲ್ಲ. ಅವರ ಗಂಡ ತೀರಿಕೊಂಡ ಮರುದಿನ ಅವರ ಸ್ಥಾನ ಏನು ಅಂತ ಕೇಳಿ ನೋಡಿ.

ಕಾನೂನಿನ ಮಾತೂ ಇದೆ. 1869ರ ವಿಚ್ಛೇದನ ಕಾಯ್ದೆಯಡಿ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದನ್ನು ತೋರಿಸಿದರೆ ಸಾಕಿತ್ತು. ಹೆಂಡತಿಗೆ ಅದು ಸಾಲದು, ಅದರ ಜತೆ ಕ್ರೌರ್ಯವನ್ನೋ ಬಿಟ್ಟುಹೋದದ್ದನ್ನೋ ಸಾಬೀತು ಮಾಡಬೇಕಿತ್ತು. ಬರೀ ಹೊಡೆತ ತಿಂದವಳಿಗೆ ಆ ಕಾಯ್ದೆಯಲ್ಲಿ ವಿಚ್ಛೇದನ ಇರಲೇ ಇಲ್ಲ. ಇದು ಬದಲಾದದ್ದು 2001ರಲ್ಲಿ, 132 ವರ್ಷ ಆದಮೇಲೆ. ಈಗ ಕ್ರೌರ್ಯ ಒಂದೇ ಕಾರಣ ಸಾಕು, ಗಂಡನಿಗೂ ಹೆಂಡತಿಗೂ ಒಂದೇ ನಿಯಮ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಯಾವ ಧರ್ಮದವಳಿಗೂ ಅನ್ವಯಿಸುತ್ತೆ, ಮದುವೆ ಮುರಿದುಕೊಳ್ಳದೇ ರಕ್ಷಣೆ ಕೇಳಬಹುದು. ನಿಮ್ಮ ಸಭೆಯಲ್ಲಿ ಮದುವೆಗೆ ಮುಂಚೆ ಜೋಡಿಗಳಿಗೆ ಪಾಠ ಮಾಡುತ್ತಾರಲ್ಲ, ಅದರಲ್ಲಿ ಎಫೆಸ ಐದನೇ ಅಧ್ಯಾಯದ ಜತೆಗೆ ಈ ಎರಡು ಕಾನೂನುಗಳನ್ನೂ ಹೇಳಿಕೊಡುತ್ತಾರಾ? ಇಲ್ಲದಿದ್ದರೆ ಮುಂದಿನ ಸಮಿತಿ ಮೀಟಿಂಗ್‌ನಲ್ಲಿ ಕೇಳಿ.